ಹಳ್ಳದ ದಂಡೆಯ ನೀರಿನ ಗಿರಣಿ ಮನೆಯಾದೀತೇ?

ಪ್ರಶ್ನೆ: ನಮ್ಮದು ಖಾನಾಪುರ ತಾಲ್ಲೂಕಿನ ಒಂದು ಹಳ್ಳಿ. ಮಲಪ್ರಭೆಗೆ ಕೂಡುವ ಹಳ್ಳದ ದಂಡೆಗೆ ನಮ್ಮ ಮುತ್ತಜ್ಜ ಕೊಂಡ ಹಳೇ ನೀರಿನ ಗಿರಣಿ ಇದೆ. ಎರಡು ಅಂತಸ್ತು. ಗೋಡೆಯ ಬುಡಕ್ಕೆ ಕರಿಕಲ್ಲು, ಅದರ ಮೇಲೆ ಜಂಬಿಟ್ಟಿಗೆ, ದಪ್ಪ ಎರಡೂವರೆ ಅಡಿ. ಚಕ್ರದ ಗುಂಡಿ, ನೀರು ಹೊರಗೆ ಹೋಗುವ ಕಮಾನಿನ ಸುರಂಗ ಇನ್ನೂ ಇವೆ; ಕಟ್ಟಿಗೆಯ ಚಕ್ರ ಮಾತ್ರ ಮುರಿದು ಬಿದ್ದಿದೆ. ಗಿರಣಿ ನಿಂತ ಮೇಲೆ ಚೀಲ ಒಟ್ಟಲಿಕ್ಕೆ ಬಳಸಿದೆವು. ಬೆಳಗಾವಿಯ ನೌಕರಿಯಿಂದ ಈ ವರ್ಷ ನಿವೃತ್ತನಾದೆ. ನಾನು, ಹೆಂಡತಿ, ಅವ್ವ ಮೂವರೂ ಅಲ್ಲೇ ಇರಬೇಕೆಂಬ ಆಸೆ. ಆದರೆ ಕೆಳಗಿನ ಗೋಡೆಗೆ ಎದೆಮಟ್ಟ ಬಿಳಿ ಉಪ್ಪು ಏಳುತ್ತದೆ. ಹಿಂದೆ ಮಾಡಿಸಿದ್ದ ಸಿಮೆಂಟ್ ಗಿಲಾವು ಉದುರುತ್ತಿದೆ. 2019ರ ಆಗಸ್ಟಿನಲ್ಲಿ ಕೆಳಗೆ ಟೊಂಕಮಟ್ಟ ನೀರು ನಿಂತಿತ್ತು. ಕಾಂಟ್ರಾಕ್ಟರು, "ಗುಂಡಿಗೆ ಕಾಂಕ್ರೀಟ್ ತುಂಬಿ, ಸುರಂಗ ಮುಚ್ಚಿ, ಒಳಗ ಹೊರಗ ವಾಟರ್‌ಪ್ರೂಫ್ ಸಿಮೆಂಟ್ ಬಳದ್ರ ಹನಿ ನೀರೂ ಬರೂದಿಲ್ರಿ" ಅನ್ನುತ್ತಾರೆ. ತಮ್ಮ ಕೆಡವಿ ಹೊಸದು ಕಟ್ಟೋಣ ಅನ್ನುತ್ತಾನೆ. ಊರವರು ಇದು ಆದಿಲಶಾಹಿ ಕಾಲದ್ದು, ಗೊತ್ತಾದರೆ ಸರಕಾರ ತಗೊಂಡುಬಿಡುತ್ತದೆ ಎಂದು ಹೆದರಿಸುತ್ತಾರೆ. ಚಕ್ರ ರಿಪೇರಿ ಮಾಡಿಸಿ ಮನೆಗೆ ಕರೆಂಟ್ ಮಾಡಿಕೊಳ್ಳಬಹುದೇ? ಫೋಟೊ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಕಾಂಟ್ರಾಕ್ಟರು ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನೂ ಮಾಡಿಸಬೇಡಿ. ಅವರು ಹೊಸ ಮನೆ ಚೆನ್ನಾಗಿ ಕಟ್ಟುವವರೇ ಇರಬಹುದು. ಆದರೆ ಹೊಸ ಮನೆಯ ಲೆಕ್ಕ ನಿಮ್ಮ ಕಟ್ಟಡಕ್ಕೆ ಹೊಂದುವುದಿಲ್ಲ. ಹೊಸ ಮನೆಯನ್ನು ನೀರು ಒಳಗೆ ಬಾರದಂತೆ ಕಟ್ಟುತ್ತಾರೆ, ಗಿರಣಿಯನ್ನು ಕಟ್ಟಿದ್ದೇ ನೀರು ಒಳಗೆ ಬಂದು ಹೊರಗೆ ಹೋಗಲಿ ಎಂದು. ಹೋಗುವ ದಾರಿ ಮುಚ್ಚಿದರೆ ಬರುವ ನೀರು ನಿಲ್ಲುವುದಿಲ್ಲ, ಗೋಡೆಗೆ ಏರುತ್ತದೆ. ನಿಮ್ಮಲ್ಲಿ ಈಗ ಅರ್ಧಮರ್ಧ ಆಗಿರುವುದೂ ಇದೇ.

ನಿಮ್ಮ ಗಿರಣಿಯ ಹಿಂಗೋಡೆ ಇಳಿಜಾರಿಗೆ ಒತ್ತಿಕೊಂಡಿದೆ. ಹಿತ್ತಲ ಮಣ್ಣು ಹೆಚ್ಚುಕಡಿಮೆ ಮೇಲಿನ ಅಂತಸ್ತಿನ ಮಟ್ಟಕ್ಕಿದೆ. ಮೇಲಿನಿಂದ ನೀರು ಬೀಳಿಸಿ ಚಕ್ರ ತಿರುಗಿಸಬೇಕಾದರೆ ಹೀಗೆ ಕಟ್ಟುವುದು ವಾಡಿಕೆ. ಮಳೆಗಾಲದಲ್ಲಿ ಗುಡ್ಡದೊಳಗಿಂದ ಇಳಿಯುವ ಜಿನುಗೆಲ್ಲ ಈ ಹಿಂಗೋಡೆಯ ಬುಡಕ್ಕೇ ಬಂದು ಸೇರುತ್ತದೆ. ಅಲ್ಲಿಂದ ಅದಕ್ಕೆ ಇರುವ ದಾರಿ ಒಂದೇ: ಚಕ್ರದ ಗುಂಡಿ, ಸುರಂಗ, ಹಳ್ಳ. ಸುರಂಗದ ತಳ ಅಡಿಪಾಯಕ್ಕಿಂತ ಕೆಳಗಿರುವುದರಿಂದ ಅದು ಇಡೀ ಕಟ್ಟಡದ ಬಸಿಗಾಲುವೆ. ಗಿರಣಿ ನಡೆಯುವಾಗ ವರ್ಷಕ್ಕೊಮ್ಮೆ ಯಾರಾದರೂ ಅದರೊಳಗೆ ಇಳಿದು ಹೂಳು ತೆಗೆಯುತ್ತಿದ್ದರು, ತೆಗೆಯದಿದ್ದರೆ ಚಕ್ರವೇ ತಿರುಗುತ್ತಿರಲಿಲ್ಲ. ಗಿರಣಿ ನಿಂತ ಮೇಲೆ ಆ ಕೆಲಸವೂ ನಿಂತಿತು. 2019ರ ಹೊಳೆ (ನೆರೆ) ಬೇರೆ ತನ್ನ ಪಾಲಿನ ಹೂಳು ಬಿಟ್ಟುಹೋಯಿತು. ನಿಮ್ಮ ಫೋಟೊದಲ್ಲಿ ಕಮಾನಿನ ಬಾಯಿ ಮುಕ್ಕಾಲು ಪಾಲು ಮಣ್ಣಿನಲ್ಲಿ ಹೂತಿದೆ.

ಇನ್ನು ಆ ಬಿಳಿ ಉಪ್ಪಿನ ವಿಷಯ. ಹೊಲಕ್ಕೆ ಸವಳು ಏಳುವುದನ್ನು ಕಂಡವರಿಗೆ ಗೋಡೆಯ ಸವಳು ತಿಳಿಯುವುದು ಕಷ್ಟವಲ್ಲ. ಬುಡದಲ್ಲಿ ನಿಂತ ನೀರು ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಮೇಲೇರುತ್ತದೆ. ಕರಿಕಲ್ಲು ತಾನಾಗಿ ನೀರು ಹೀರುವುದು ಕಡಿಮೆ, ಅದರ ಸಂದುಗಳಲ್ಲಿರುವ ಗಚ್ಚು ಹೀರುತ್ತದೆ. ಮೇಲಿನ ಜಂಬಿಟ್ಟಿಗೆಗಂತೂ ಮೈಯೆಲ್ಲ ತೂತು. ಗೋಡೆಯ ಮುಖಕ್ಕೆ ಬಂದ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪು ಹರಳುಗಟ್ಟುವಾಗ ಹಿಗ್ಗಿ, ಮುಂದಿರುವುದನ್ನು ತಳ್ಳುತ್ತದೆ. ಸುಣ್ಣದ ಗಿಲಾವು ಇದ್ದಾಗ ಅದು ನಿಧಾನವಾಗಿ ಪುಡಿಯಾಗುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಬಳಿದರೆ ಕಲ್ಲು ಉಳಿಯುತ್ತಿತ್ತು. ನೀವು ಸಿಮೆಂಟ್ ಬಳಿಸಿದಿರಿ. ಸಿಮೆಂಟಿನೊಳಗಿಂದ ತೇವ ಸುಲಭಕ್ಕೆ ಹೊರಬರುವುದಿಲ್ಲವಾದ್ದರಿಂದ, ಆರಲು ಜಾಗ ಹುಡುಕುತ್ತ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಗಿಲಾವು ಮಾಡಿಸುವ ಮುಂಚೆ ಹಸಿ ಎಲ್ಲಿಯವರೆಗೆ ಇತ್ತು ಎಂದು ಅವ್ವನನ್ನು ಕೇಳಿ. ಎದೆಮಟ್ಟಕ್ಕಿಂತ ಕೆಳಗಿತ್ತು ಎಂದರೆ ನನಗೇನೂ ಆಶ್ಚರ್ಯವಿಲ್ಲ. ನೀವು ಕಳಿಸಿದ ಹತ್ತಿರದ ಫೋಟೊದಲ್ಲಿ ಸಿಮೆಂಟ್ ಹಪ್ಪಳದಂತೆ ಎದ್ದು ನಿಂತಿದೆ, ಅದರ ಬೆನ್ನಿಗೆ ಕೆಂಪು ಪುಡಿ ಅಂಟಿದೆ. ಆ ಪುಡಿ ಮಣ್ಣಲ್ಲ, ನಿಮ್ಮ ಜಂಬಿಟ್ಟಿಗೆ. ಅಂದರೆ ಗಿಲಾವು ಬೀಳುವಾಗಲೆಲ್ಲ ಕಲ್ಲಿನ ಒಂದು ಪದರವನ್ನೂ ಕಿತ್ತುಕೊಂಡು ಬೀಳುತ್ತಿದೆ. ಅದರ ಮೇಲೆ ಇನ್ನೊಂದು ವಾಟರ್‌ಪ್ರೂಫ್ ಲೇಪ ಬಳಿದರೆ ಮೊದಲೆರಡು ವರ್ಷ ಗೋಡೆ ಚೆಂದ ಕಾಣುತ್ತದೆ, ಕಾಂಟ್ರಾಕ್ಟರ ಬಿಲ್ಲೂ ಅಷ್ಟರೊಳಗೆ ಚುಕ್ತಾ ಆಗಿರುತ್ತದೆ.

ಒಂದು ಪ್ರಶ್ನೆ ನಾನು ನಿಮಗೆ ಕೇಳಬೇಕು. ಚೀಲ ಒಟ್ಟಿದ್ದೆವು ಎಂದಿದ್ದೀರಿ. ಭತ್ತದ ಚೀಲ ಅಷ್ಟೇನೋ, ಗೊಬ್ಬರದ ಚೀಲವೂ ಇದ್ದವೋ? ರಸಗೊಬ್ಬರದ ಉಪ್ಪು ಒಮ್ಮೆ ಗೋಡೆಗೆ ಹಿಡಿದರೆ ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಕೆಳಗಿಂದ ನೀರು ಬಾರದಿದ್ದರೂ ಜುಲೈ ತಿಂಗಳಲ್ಲಿ ಅಂಥ ಗೋಡೆ ಬೆವರುತ್ತದೆ. ತೇವ ಅಳೆಯುವ ಮೀಟರು ತಂದು ಗೋಡೆಗೆ ಚುಚ್ಚಿ ಹೆದರಿಸುವವರು ಬಂದರೆ ಇದು ನೆನಪಿರಲಿ: ಉಪ್ಪಿರುವ ಗೋಡೆಯಲ್ಲಿ ಆ ಮೀಟರು ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸರಳ. ಒಂದು ಮೊಳದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಗಟ್ಟಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಗೆ ಕೂತರೆ ತೇವ ಗೋಡೆಯಿಂದ ಬರುತ್ತಿದೆ, ಹೊರಮೈಗೆ ಕೂತರೆ ಕೋಣೆಯ ಗಾಳಿಯಿಂದ.

ಈಗ ನೀವು ಕೇಳದೇ ಇರುವ ಒಂದು ವಿಷಯ. ನಿಮ್ಮ ಏಳನೆಯ ಫೋಟೊ ನೋಡಿ: ಸುರಂಗದ ಕಮಾನಿನ ಬಲ ಹೆಗಲಿನಿಂದ ಕಿಟಕಿಯ ಮೂಲೆಗೆ ಓರೆಯಾಗಿ ಒಂದು ಬಿರುಕು ಹೋಗಿದೆ. ಉಪ್ಪಿಗಿಂತ ನನಗೆ ಈ ಬಿರುಕಿನ ಚಿಂತೆ ಹೆಚ್ಚು. ಸುರಂಗದ ನೀರು ಹಳ್ಳಕ್ಕೆ ಧುಮುಕುವ ಜಾಗದಲ್ಲಿ ಹಾಸುಗಲ್ಲು ಇರಬೇಕಿತ್ತು. ಅದು ಕಿತ್ತುಹೋಗಿದ್ದರೆ ಹೊಳೆ ಬಂದಾಗಲೆಲ್ಲ ಮೂಲೆಯ ಅಡಿಪಾಯದ ಕೆಳಗಿನ ಮಣ್ಣು ಕೊರೆದು ಹೋಗುತ್ತದೆ. ಬಿರುಕು ಹಳೆಯದಾಗಿ ಸುಮ್ಮನಿದೆಯೋ, ಇನ್ನೂ ಬಾಯಿ ಬಿಡುತ್ತಿದೆಯೋ ಎಂದು ತಿಳಿಯದೆ ಯಾವ ದುರಸ್ತಿಗೂ ದುಡ್ಡು ಹಾಕಬೇಡಿ. ಬಿರುಕಿಗೆ ಅಡ್ಡಲಾಗಿ ಎರಡು ಮೂರು ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಹಾಕಿ, ಮೇಲೆ ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೂ ಪಟ್ಟಿ ಇಡಿಯಾಗಿದ್ದರೆ ನೆಮ್ಮದಿ. ಕೂದಲೆಳೆಯಷ್ಟು ಸೀಳಿದರೂ ಅಡಿಪಾಯ ನೋಡಬಲ್ಲ ಸ್ಟ್ರಕ್ಚರಲ್ ಎಂಜಿನಿಯರನ್ನು ಸ್ಥಳಕ್ಕೆ ಕರೆಸಿ. ಈ ಬಿರುಕು ನಡೆಯುತ್ತಿದ್ದರೆ ಮುಂದೆ ಹೇಳುವುದೆಲ್ಲ ಆ ಮೂಲೆ ಭದ್ರವಾದ ಮೇಲಿನ ಮಾತು.

ಕಟ್ಟಡದ ಕಾಲ, ಸರಕಾರದ ಭಯ ಎರಡನ್ನೂ ಒಟ್ಟಿಗೇ ಬಗೆಹರಿಸೋಣ. ಆದಿಲಶಾಹಿಗಳು ನೀರಿನ ಕೆಲಸದಲ್ಲಿ ನಿಸ್ಸೀಮರು, ಸುಳ್ಳಲ್ಲ. ತೊರವಿಯಿಂದ ವಿಜಯಪುರಕ್ಕೆ ಸುರಂಗದಲ್ಲಿ ನೀರು ತಂದರು. ಕೊಳವೆಯ ಒತ್ತಡ ತಗ್ಗಿಸಲಿಕ್ಕೆ ಊರ ನಡುವೆ ಕಟ್ಟಿದ ಗಂಜ್ ಗೋಪುರಗಳು ಇವತ್ತಿಗೂ ನಿಂತಿವೆ. ದಖ್ಖನಿನಲ್ಲಿ ನೀರಿನಿಂದ ಹಿಟ್ಟು ಬೀಸಿದ್ದಕ್ಕೂ ಸಾಕ್ಷಿಯಿದೆ, ಔರಂಗಾಬಾದಿನ ದರ್ಗಾದ ಪನಚಕ್ಕಿ. ಹಾಗೆಂದು ನಿಮ್ಮ ಗಿರಣಿ ಆ ಕಾಲದ್ದಾಗುವುದಿಲ್ಲ. ಮಾಡಿಗೆ ಮಂಗಳೂರು ಹೆಂಚಿದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹೆಂಚು ಆಮೇಲೆ ಹೊದಿಸಿದ್ದು ಎನ್ನಬಹುದು, ಆದರೆ ಚಕ್ರದ ಅಚ್ಚು ಕೂರುವ ಎರಕದ ಕಬ್ಬಿಣದ ಬುಡ ಗೋಡೆಯ ಕಲ್ಲಿನ ಸಾಲಿನಲ್ಲೇ ಸೇರಿದೆ, ಅದರ ಬೋಲ್ಟು ಆರು ಮೂಲೆಯದು, ಅಂದರೆ ಕಾರ್ಖಾನೆಯ ಮಾಲು. ಗೋಡೆ ಏಳುವಾಗಲೇ ಕೂರಿಸಿದ್ದು ಅದು. ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಲು ಹೊರಟ 1887ರ ಆಸುಪಾಸಿನದೋ, ಅದಕ್ಕೂ ಈಚಿನದೋ ಇರಬೇಕು ನಿಮ್ಮದು. ನಮ್ಮ ಜಿಲ್ಲೆಯಲ್ಲಿ ಇಂಥವು ಅಪರೂಪ. ಆದಿಲಶಾಹಿ ಅಲ್ಲದಿದ್ದರೂ ಉಳಿಸಿಕೊಳ್ಳಲು ಯೋಗ್ಯವಾದದ್ದೇ.

ಹಳೆಯದೆಂದ ಮಾತ್ರಕ್ಕೆ ಸರಕಾರ ಯಾರ ಕಟ್ಟಡವನ್ನೂ ಕಸಿದುಕೊಳ್ಳುವುದಿಲ್ಲ. ಕೇಂದ್ರದ 1958ರ ಕಾಯ್ದೆಯಲ್ಲಾಗಲಿ ರಾಜ್ಯದ 1961ರ ಕಾಯ್ದೆಯಲ್ಲಾಗಲಿ ಅಧಿಸೂಚನೆ ಹೊರಡಿಸಿದ ಸ್ಮಾರಕಕ್ಕೆ ಮಾತ್ರ ರಕ್ಷಣೆ, ನಿರ್ಬಂಧ. ನೂರು ವರ್ಷ ಎನ್ನುವುದು ಪುರಾತನ ಎನಿಸಿಕೊಳ್ಳಲು ಬೇಕಾದ ಅರ್ಹತೆ, ನೂರು ತುಂಬಿದ ದಿನ ತಾನಾಗಿ ಏನೂ ಆಗುವುದಿಲ್ಲ. ನೋಡಬೇಕಾದದ್ದು ಇನ್ನೊಂದು: ಹತ್ತಿರದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಗುಡಿಯೋ ಬಸದಿಯೋ ಇದ್ದರೆ ಅದರ ಸುತ್ತ 100 ಮೀಟರು ನಿಷೇಧಿತ, ಆಚೆಗೆ ಇನ್ನೂ 200 ಮೀಟರು ನಿಯಂತ್ರಿತ ವಲಯ. ಅಲ್ಲಿ ದುರಸ್ತಿಗೂ ಅನುಮತಿ ಬೇಕು.

ನಿಮಗೆ ನಿಜವಾದ ತಾಪತ್ರಯ ಬರುವುದಾದರೆ ಪುರಾತತ್ವದವರಿಂದಲ್ಲ, ಉತಾರದಿಂದ, ಅಂದರೆ ಪಹಣಿಯಿಂದ. ಗಿರಣಿಯ ಜಾಗ ಇನ್ನೂ ಜಮೀನು ಎಂದೇ ಇದ್ದರೆ ವಾಸಕ್ಕೆ ಎನ್.ಎ. (ಬೇಸಾಯೇತರ ಬಳಕೆಗೆ ಪರಿವರ್ತನೆ) ಮಾಡಿಸಬೇಕು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ. ಗಾವಠಾಣದಲ್ಲಿ, ಅಂದರೆ ಊರಿನ ವಸತಿ ಜಾಗದಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಸಾಕಾಗಬಹುದು. ಇನ್ನು ಹಳ್ಳ ಮತ್ತು ಅದರ ದಂಡೆ ಸಾಮಾನ್ಯವಾಗಿ 'ಬ' ಖರಾಬು, ಅಂದರೆ ಸಾರ್ವಜನಿಕ. ನಿಮ್ಮ ಸುರಂಗದ ಬಾಯಿ, ಹೊರಗಿನ ಮೆಟ್ಟಿಲು ಖರಾಬಿನಲ್ಲಿವೆಯೋ ನಿಮ್ಮ ಹದ್ದಿನಲ್ಲಿವೆಯೋ ಎಂದು ಮೋಜಣಿ (ಸರ್ವೆ) ಮಾಡಿಸಿ ಹದ್ದುಬಸ್ತು, ಅಂದರೆ ಗಡಿ ಗುರುತು, ಹಾಕಿಸಿಕೊಳ್ಳಿ. ಕೆಡವಿ ಕಟ್ಟೋಣ ಎನ್ನುವ ತಮ್ಮನಿಗೂ ಇದನ್ನು ಹೇಳಿ: ಇದ್ದ ಗೋಡೆಯನ್ನು ದುರಸ್ತಿ ಮಾಡಿಕೊಂಡವರನ್ನು ಯಾರೂ ಕೇಳಲಿಕ್ಕಿಲ್ಲ. ಕೆಡವಿ ಅದೇ ದಂಡೆಯ ಮೇಲೆ ಹೊಸ ಪಾಯ ತೋಡಿದರೆ ಕೇಳುವವರು ಬಹಳ.

ಹೊಳೆಯ ಮಾತಿಗೆ ಬರೋಣ. 2019ರಲ್ಲಿ ಬಂದದ್ದು ಮತ್ತೆ ಬರುತ್ತದೆ ಎಂದೇ ಹಿಡಿಯಿರಿ. ಒಳಗೆ ಹನಿ ಬಾರದಂತೆ ಬಾಗಿಲು, ಸುರಂಗ, ಗುಂಡಿ ಎಲ್ಲ ಬಿಗಿದಿರಿ ಎನ್ನಿ, ಆಗ ಏನಾಗುತ್ತದೆ? ಹೊರಗೆ ಒಂದು ಮೀಟರು ನೀರು ನಿಂತರೆ ಗೋಡೆಯ ಪ್ರತಿ ಮೀಟರು ಉದ್ದಕ್ಕೆ ಅರ್ಧ ಟನ್ ಒತ್ತಡ. ಎರಡು ಮೀಟರು ನಿಂತರೆ ಒಂದು ಟನ್ ಅಲ್ಲ, ಎರಡು ಟನ್. ಆಳ ಇಮ್ಮಡಿಯಾದರೆ ಒತ್ತಡ ನಾಲ್ಕುಪಟ್ಟು. ಒಳಗೂ ನೀರಿದ್ದರೆ ಎರಡೂ ಕಡೆಯ ಒತ್ತಡ ಸರಿದೂಗುತ್ತದೆ. ಟೊಂಕಮಟ್ಟ ನೀರು ಒಳಗೆ ಬಂದದ್ದರಿಂದಲೇ ನಿಮ್ಮ ಗೋಡೆ ಆ ಆಗಸ್ಟನ್ನು ದಾಟಿತು. ಹಾಗಾಗಿ ಕೆಳಗಿನ ಅಂತಸ್ತನ್ನು ನೀರಿಗೇ ಬಿಡಿ. ಅಲ್ಲಿ ಮಲಗುವ ಕೋಣೆ, ದೇವರ ಕೋಣೆ, ಕಪಾಟು, ಪ್ಲೈವುಡ್ ಯಾವುದೂ ಬೇಡ. ಕಲ್ಲಿನ ನೆಲ, ಸುಣ್ಣದ ಗೋಡೆ, ಬೇಸಿಗೆಯಲ್ಲಿ ಕೂರಲು ತಂಪಾದ ಪಡಸಾಲೆ, ಇಷ್ಟೇ ಇರಲಿ. ಮೀಟರು ಬೋರ್ಡು, ಇನ್ವರ್ಟರು, ಗ್ಯಾಸು ಮೇಲಿನ ಅಂತಸ್ತಿಗೆ. ಕೆಳಗಿನ ದೀಪದ ವೈರು ಮಾಳಿಗೆಯಿಂದ ಇಳಿಯಲಿ, ನೆಲದಿಂದ ಏರುವುದು ಬೇಡ. ಆ ಲೈನಿಗೆ ಪ್ರತ್ಯೇಕ ಸ್ವಿಚ್ಚಿರಲಿ. ಹಿತ್ತಲು ಮೇಲಂತಸ್ತಿನ ಮಟ್ಟಕ್ಕೇ ಇರುವುದು ನಿಮ್ಮ ಪುಣ್ಯ: ಅವ್ವನಿಗೆ ಮೆಟ್ಟಿಲು ಹತ್ತುವ ಕೆಲಸವಿಲ್ಲ, ರಾತ್ರಿ ಹೊಳೆ ಬಂದರೂ ಹಿಂಬಾಗಿಲಿಂದ ಗುಡ್ಡದ ಕಡೆ ಹೊರಟುಬಿಡಬಹುದು. ಆ ಬಾಗಿಲು ಈಗ ಇಲ್ಲದಿದ್ದರೆ ಮೊದಲ ಖರ್ಚು ಅದೇ.

ಮೇಲಂತಸ್ತಿನ ತೊಲೆಗಳ ಬಗ್ಗೆ ಭಯ ಬೇಡ. ಮೂರಡಿ ಅಗಲ, ಹತ್ತಿಂಚು ದಪ್ಪದ ಒಂದು ಬೀಸುಗಲ್ಲೇ ನಾಲ್ಕು ಕ್ವಿಂಟಲಿಗೆ ಮೇಲಾಗುತ್ತದೆ. ಅಂಥ ಜೋಡಿ ಹೊತ್ತು, ಅದು ತಿರುಗುವಾಗಿನ ನಡುಕವನ್ನೂ ತಡೆದ ತೊಲೆಗೆ ನಿಮ್ಮ ಮಂಚ, ಸೋಫಾ ಲೆಕ್ಕಕ್ಕಿಲ್ಲ. ತೊಲೆ ಕೆಡುವುದು ನಡುವೆ ಅಲ್ಲ, ಗೋಡೆಯೊಳಗೆ ಸೇರಿದ ತುದಿಯಲ್ಲಿ. ಅಲ್ಲಿ ತೇವ, ಗೆದ್ದಲು ಎರಡೂ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತವೆ. ಬಡಿಗೇರರನ್ನು ಕರೆದು ಪ್ರತಿ ತುದಿಯನ್ನೂ ಸುತ್ತಿಗೆಯಿಂದ ತಟ್ಟಿಸಿ, ತೆಳ್ಳನೆಯ ಸ್ಕ್ರೂಡ್ರೈವರಿನಿಂದ ಚುಚ್ಚಿಸಿ ನೋಡಿ. ಪೊಳ್ಳು ಸದ್ದು ಬಂದರೆ, ಸ್ಕ್ರೂಡ್ರೈವರು ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಒಳಹೊಕ್ಕರೆ, ಆ ತೊಲೆಗೆ ಕೆಳಗಿಂದ ಆಸರೆ ಬೇಕು. ಬಚ್ಚಲು, ಅಡಿಗೆಮನೆಯನ್ನು ಈ ಕಟ್ಟಿಗೆಯ ಮಾಳಿಗೆಯ ಮೇಲೆ ಕೂರಿಸಬೇಡಿ. ಹಿತ್ತಲ ಕಡೆ ನೆಲದ ಮೇಲೆ ಸಣ್ಣ ಜೋಡಣೆ ಕಟ್ಟಿಕೊಳ್ಳಿ. ಸೆಪ್ಟಿಕ್ ಟ್ಯಾಂಕೂ ಹಳ್ಳದ ಕಡೆ ಬೇಡ.

ಕೆಲಸದ ಕ್ರಮದಲ್ಲಿ ಸುರಂಗವೇ ಮೊದಲು. ಫೆಬ್ರವರಿ, ಮಾರ್ಚಿನಲ್ಲಿ ಹಳ್ಳ ಇಳಿದಾಗ, ಹೊರಗಿನ ಬಾಯಿಯಿಂದ ಒಳಕ್ಕೆ ಹೂಳು ತೆಗೆಸುತ್ತ ಹೋಗಿ. ಒಬ್ಬನೇ ಆಳನ್ನು ಒಳಗೆ ಬಿಡಬೇಡಿ. ಕೆಟ್ಟ ಗಾಳಿ, ಹಾವು, ಸಡಿಲಾದ ಕಮಾನುಗಲ್ಲು ಮೂರೂ ಇರುತ್ತವೆ. ಕಮಾನಿನೊಳಗೆ ಇಳಿದಿರುವ ಅತ್ತಿಯ ಬೇರು ಕಂಡರೆ ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಕತ್ತರಿಸಿ ಅಲ್ಲೇ ಸಾಯಿಸಬೇಕು. ಆಮೇಲೆ ಹಿಂಗೋಡೆಯ ಆಚೆ ಮಾಡಿನ ನೀರು ಬುಡಕ್ಕೆ ಬೀಳದಂತೆ ಸೂರಿನುದ್ದಕ್ಕೂ ನೀರು ಹಿಡಿಯುವ ದೋಣಿ, ಗುಡ್ಡದ ನೀರು ತಡೆಯಲು ಜಲ್ಲಿ ತುಂಬಿದ ಒಂದು ಬಸಿಗಾಲುವೆ. ಈ ಕಾಲುವೆಯನ್ನು ಗೋಡೆಗೆ ಆತುಕೊಂಡು ಆಳವಾಗಿ ತೋಡಿಸಿದರೆ ಅಡಿಪಾಯ ಸಡಿಲಾಗುತ್ತದೆ, ಆರೇಳು ಅಡಿಯಾದರೂ ದೂರ ಇರಲಿ. ಸಿಮೆಂಟ್ ಗಿಲಾವನ್ನು ಕೈ ಉಳಿಯಿಂದ ಬಿಡಿಸಿ, ಬ್ರೇಕರ್ ಮಶೀನು ಮುಟ್ಟಿಸಬೇಡಿ. ಆಮೇಲೆ ಗೋಡೆಯನ್ನು ಬರಿಮೈ ಬಿಟ್ಟು ಕಾಯಬೇಕು. ದಪ್ಪ ಗೋಡೆ ಆರಲು ಇಂಚಿಗೆ ಒಂದು ತಿಂಗಳು ಎಂಬ ಅಂದಾಜಿದೆ. ನಿಮ್ಮದು ಮೂವತ್ತು ಇಂಚು. ಎರಡೂ ಕಡೆಯಿಂದ ಆರುತ್ತದೆ ಎಂದುಕೊಂಡರೂ ಒಂದು ವರ್ಷಕ್ಕೆ ಮೇಲೆ. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ. ಮೇಲಂತಸ್ತಿನಲ್ಲಿ ಅದಕ್ಕೂ ಮೊದಲೇ ಇರಬಹುದು.

ಗಿಲಾವಿಗೆ ಸುಣ್ಣವೇ. ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣದ ಕಲ್ಲಿಗೆ ಬರವಿಲ್ಲ. ಅರಳಿಸಿದ ಸುಣ್ಣ ವಾರಗಟ್ಟಲೆ ನೀರಿನಲ್ಲಿ ನೆನೆದಷ್ಟೂ ಒಳ್ಳೆಯದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು; ತೇವದ ಜಾಗಕ್ಕೆ ಮರಳಿನಲ್ಲಿ ಒಂದು ಪಾಲು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಕಷ್ಟ ಇರುವುದು ಸಾಮಾನಿನಲ್ಲಲ್ಲ, ಗೌಂಡಿಯಲ್ಲಿ. ಸುಣ್ಣದ ಕೆಲಸ ಬರುತ್ತದೆ ಎಂದು ಬಂದವರು ನೀವು ಚಹಾ ತರಲು ಒಳಗೆ ಹೋದಾಗ ಒಂದು ಬುಟ್ಟಿ ಸಿಮೆಂಟ್ ಸುರಿದಿರುತ್ತಾರೆ. ಕೇಳಿದರೆ, "ಲಗೂನ ಗಟ್ಟಿ ಆಗ್ಲಿ ಅಂತ ಹಾಕೀನ್ರಿ." ಲಗೂನ ಗಟ್ಟಿ ಆಗುವುದೇ ಬೇಡ. ತೆಳುವಾಗಿ ಎರಡು ಮೂರು ಕೈ, ಪ್ರತಿ ಕೈಗೂ ನಡುವೆ ದಿನಗಳ ಬಿಡುವು, ಒದ್ದೆ ಗೋಣಿಯ ಹೊದಿಕೆ. ಕೂಲಿ ಸಿಮೆಂಟ್ ಕೆಲಸಕ್ಕಿಂತ ಬಹಳ ಹೆಚ್ಚಾಗುತ್ತದೆ, ಅದಕ್ಕೆ ತಯಾರಿರಿ. ಮೊದಲ ಗಿಲಾವು ಉಪ್ಪು ಹೀರಿಕೊಂಡು ಕೆಲ ವರ್ಷದಲ್ಲೇ ಹಾಳಾಗಬಹುದು. ಹಾಗಾದರೆ ಯಾರೋ ಮೋಸ ಮಾಡಿದರು ಅಂದುಕೊಳ್ಳಬೇಡಿ. ಗೋಡೆಯ ಉಪ್ಪು ಹೊರಬರುವ ಬಗೆಯೇ ಅದು.

ಕರೆಂಟಿನ ಆಸೆಗೆ ಲೆಕ್ಕ ಹೇಳುತ್ತೇನೆ. ಸೆಕೆಂಡಿಗೆ 40 ಲೀಟರು ನೀರು ಎರಡೂವರೆ ಮೀಟರು ಎತ್ತರದಿಂದ ಬಿದ್ದರೆ ಅದರ ಬಲ ಸುಮಾರು 980 ವ್ಯಾಟು. ಚಕ್ರ, ಬೆಲ್ಟು, ಡೈನಮೊ ತಿಂದು ಅರ್ಧ ಉಳಿಯಿತು ಎನ್ನಿ, 490 ವ್ಯಾಟು. ಗೀಝರು ನಡೆಯುವುದಿಲ್ಲ, ಒಂದು ಎಚ್‌ಪಿ ಮೋಟರೂ ಏಳುವುದಿಲ್ಲ. ಆದರೆ ಹಗಲು ರಾತ್ರಿ ತಿರುಗಿದರೆ ದಿನಕ್ಕೆ ಹನ್ನೆರಡು ಯೂನಿಟ್ಟಿನ ಹತ್ತಿರ ಆಗುತ್ತದೆ, ಮೂರು ಕಿಲೋವ್ಯಾಟಿನ ಸೋಲಾರು ಬಿಸಿಲಿನ ದಿನ ಕೊಡುವಷ್ಟು. ಸೋಲಾರು ಮಂಕಾಗುವ ಮಳೆಗಾಲದಲ್ಲೇ ಹಳ್ಳ ತುಂಬುವುದರಿಂದ ಜೋಡಿ ಚೆನ್ನಾಗಿದೆ ಅನಿಸುವುದು ಸಹಜ. ಅಡಚಣೆ ಬೇರೆ ಕಡೆ ಇದೆ. ಹಳ್ಳದ ನೀರು ಸರಕಾರದ್ದು; ತಿರುಗಿಸಿ ಮತ್ತೆ ಹಳ್ಳಕ್ಕೇ ಬಿಡುತ್ತೇನೆ ಎಂದರೂ ಅನುಮತಿ ಬೇಕು. ಕೆಳಗಿನ ಹೊಲದವರು ಸುಮ್ಮನಿರುತ್ತಾರೆಯೇ, ನೀವೇ ಬಲ್ಲಿರಿ. ಮೇಲಾಗಿ ನಿಮ್ಮ ಮಂಚದ ಕೆಳಗೆ ಹಗಲೂ ರಾತ್ರಿ ಒದ್ದೆ ಚಕ್ರ ತಿರುಗಿದರೆ ಆರಿದ ಗೋಡೆ ಮತ್ತೆ ನೆನೆಯುತ್ತದೆ. ಮೊದಲ ಕೆಲ ವರ್ಷ ಸೋಲಾರು, ಹೆಸ್ಕಾಂ ಕಂಪನಿಯ ಕರೆಂಟು ಎರಡನ್ನೇ ನಂಬಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಚಕ್ರ ತಿರುಗಿಸಲೇಬೇಕು ಎನಿಸಿದರೆ ಅದರ ಅಚ್ಚು ಮನೆಯ ಗೋಡೆಯ ಮೇಲೆ ಕೂರದೆ ಬೇರೆ ಕಂಬದ ಮೇಲೆ ಕೂರಲಿ.

ಇಷ್ಟೆಲ್ಲ ಕೇಳಿ ಬೇಸರ ಬಂದರೆ ಇನ್ನೊಂದು ದಾರಿಯೂ ಇದೆ, ಅದನ್ನು ಕಡಿಮೆ ಎಂದು ತಿಳಿಯಬೇಡಿ. ಗುಡ್ಡದ ಮೇಲ್ಬದಿಗೆ ನಿಮ್ಮದೇ ಜಾಗವಿದ್ದರೆ ಅಲ್ಲಿ ಎರಡು ಕೋಣೆಯ ಹೊಸ ಮನೆ ಕಟ್ಟಿ, ಗಿರಣಿಯ ಸುರಂಗ, ಮಾಡು ಎರಡನ್ನು ಮಾತ್ರ ದುರಸ್ತಿ ಮಾಡಿ ಉಳಿಸಿಕೊಳ್ಳಿ. ಅವ್ವನಿಗೆ ದಮ್ಮು ಇದ್ದರೆ ನಾನು ಇದನ್ನೇ ಮೊದಲು ಹೇಳುತ್ತೇನೆ, ಮಳೆಗಾಲದ ಹಸಿ ಗಾಳಿ ಅವರಿಗೆ ಆಗುವುದಿಲ್ಲ. ಹಾಗಿಲ್ಲದೆ, ಬಿರುಕೂ ಸುಮ್ಮನಿದ್ದರೆ, ಮೇಲಂತಸ್ತಿನಲ್ಲಿ ನೀವು, ಕೆಳಗೆ ನೀರು ಎನ್ನುವ ಹಂಚಿಕೆಯೇ ನನ್ನ ಆಯ್ಕೆ.

ಕಾಂಟ್ರಾಕ್ಟರಿಗೆ ಮುಂಗಡ ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ ಗುಂಡಿಗೆ ಏನೂ ಸುರಿಯದಂತೆ ಹೇಳಿ. ತುಂಬಿದ ಕಾಂಕ್ರೀಟನ್ನು ಕಮಾನಿನ ಕೆಳಗಿಂದ ಒಡೆದು ತೆಗೆಯುವುದು ಆಮೇಲೆ ಆಗದ ಮಾತು. ಸುರಂಗದ ಹೊರಬಾಯಿಯ ಹಾಸುಗಲ್ಲು ಕಾಣುವಂತೆ, ಹಳ್ಳದ ಆಚೆ ದಂಡೆಯಿಂದ ಒಂದು ಫೋಟೊ ಕಳಿಸಿ. ಗೊಬ್ಬರದ ಚೀಲದ ಸಂಗತಿಯನ್ನೂ ತಿಳಿಸಿ.